ಕಾನಿನ ಸಿಂಗಳೀಕ, ಎರೆಯ ಎರ್ಲಡ್ಡು: ಸಂಬಂಧವೇ ಇಲ್ಲದ ಎರಡು ಜೀವಿಗಳನ್ನು ಹೋಲಿಸುವುದು ಹೇಗೆ?

ಪದವಿ ವಿದ್ಯಾರ್ಥಿಗಳು ಬರೆದು ತರುವ ಯೋಜನಾ ವರದಿಗಳನ್ನು ನಾನು ಬಹಳ ವರ್ಷಗಳಿಂದ ಓದುತ್ತಿದ್ದೇನೆ. ‘ಎರಡು ಪ್ರಭೇದಗಳ ತುಲನಾತ್ಮಕ ಅಧ್ಯಯನ’ ಎಂಬ ತಲೆಬರಹದವು ಪ್ರತಿ ವರ್ಷವೂ ನಾಲ್ಕಾರು ಬರುತ್ತವೆ. ತೆರೆದರೆ ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ಒಂದು ಪ್ರಾಣಿ, ಬಲಕ್ಕೆ ಇನ್ನೊಂದು. ವರ್ಗೀಕರಣ, ಆವಾಸ, ಆಹಾರ, ಸ್ಥಿತಿ ಎಂದು ಸಾಲುಗಳು. ತುಂಬಿದ ಮಾಹಿತಿ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೆ ಗೆರೆಯ ಆಚೆಗಿನ ಒಂದು ಮಾತೂ ಈಚೆಗೆ ಬಂದಿರುವುದಿಲ್ಲ. ಎಡಭಾಗವನ್ನು ಕತ್ತರಿಸಿ ತೆಗೆದರೂ ಬಲಭಾಗಕ್ಕೆ ಏನೂ ಆಗದಿದ್ದರೆ ಅಲ್ಲಿ ಹೋಲಿಕೆ ನಡೆದೇ ಇಲ್ಲ ಎಂದು ತಿಳಿಯಬೇಕು.

ಒಂದೊಂದನ್ನೇ ಬೇರೆ ಬೇರೆಯಾಗಿ ಓದಿದಾಗ ಹೊಳೆಯದ ಸಂಗತಿ ಎರಡನ್ನೂ ಎದುರುಬದುರು ಕೂರಿಸಿದಾಗ ಹೊಳೆಯಬೇಕು. ಹೋಲಿಕೆಯಿಂದ ನಾನು ಬಯಸುವುದು ಇಷ್ಟೇ. ಅದನ್ನು ಹೆಜ್ಜೆ ಹೆಜ್ಜೆಯಾಗಿ ಮಾಡುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಬರಿಯ ಸೂಚನೆಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲವಾದ್ದರಿಂದ ನಮ್ಮ ನಾಡಿನ ಒಂದು ನಿಜವಾದ ಜೋಡಿಯನ್ನೇ ಹಿಡಿದು ನಡೆಯೋಣ. ಒಂದು, ಪಶ್ಚಿಮ ಘಟ್ಟದ ಸಿಂಹ ಬಾಲದ ಸಿಂಗಳೀಕ. ಇನ್ನೊಂದು, ಬಯಲುಸೀಮೆಯ ಎರ್ಲಡ್ಡು ಹಕ್ಕಿ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್.

ಮೊದಲ ಹೆಜ್ಜೆ: ಜೋಡಿಯನ್ನು ಆರಿಸಿಕೊಳ್ಳುವುದು

ವಂಶದಲ್ಲಿ ದೂರ, ಬದುಕಿನಲ್ಲಿ ಎಲ್ಲೋ ಒಂದು ಕಡೆ ಹತ್ತಿರ. ಜೋಡಿಗೆ ಇದೇ ಅಳತೆ. ಚಿರತೆಯನ್ನೂ ಹುಲಿಯನ್ನೂ ಆರಿಸಿದರೆ ಎಲ್ಲ ಸಾಲುಗಳಲ್ಲೂ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ. ಹುಲಿಯನ್ನೂ ತಾವರೆಯನ್ನೂ ಆರಿಸಿದರೆ ಎರಡೂ ರಾಷ್ಟ್ರೀಯ ಲಾಂಛನಗಳು ಎನ್ನುವುದರ ಆಚೆಗೆ ಹೇಳಲು ಏನೂ ಸಿಗುವುದಿಲ್ಲ.

ನಮ್ಮ ಜೋಡಿಯಲ್ಲಿ ಒಂದು ಸಸ್ತನಿ, ಒಂದು ಹಕ್ಕಿ. ಒಂದು ನೆಲಕ್ಕಿಳಿಯಲು ಹಿಂಜರಿಯುತ್ತದೆ, ಇನ್ನೊಂದು ಮರದ ಮೇಲೆ ಕೂರುವುದೇ ಇಲ್ಲ. ಹತ್ತಿರದ ಸಂಗತಿಗಳೂ ಇವೆ: ಎರಡೂ ಭಾರತದ ಕಾನೂನಿನಲ್ಲಿ ಒಂದೇ ಪಟ್ಟಿಯಲ್ಲಿವೆ, ಎರಡೂ ಬಹಳ ನಿಧಾನವಾಗಿ ಸಂತಾನ ಬೆಳೆಸುತ್ತವೆ, ಎರಡರ ನೆಲೆಯ ಮೇಲೂ ವಿದ್ಯುತ್ ಯೋಜನೆಗಳ ನೆರಳು ಬಿದ್ದಿದೆ. ಜೋಡಿಯನ್ನು ಆರಿಸುವಾಗಲೇ ಇಂಥ ಎರಡು ಮೂರು ಎಳೆಗಳನ್ನು ಗುರುತು ಹಾಕಿಟ್ಟುಕೊಳ್ಳಿ. ಕೊನೆಯಲ್ಲಿ ಅವೇ ಕೈ ಹಿಡಿಯುತ್ತವೆ.

ಎರಡನೆಯ ಹೆಜ್ಜೆ: ಹೆಸರನ್ನು ಗಟ್ಟಿ ಮಾಡಿಕೊಳ್ಳುವುದು

ಇದನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಕನ್ನಡದಲ್ಲಿ ಬರೆಯುವವರು ಹಾರಿಸಲೇಬಾರದು, ಏಕೆಂದರೆ ನಮ್ಮ ಊರೂರಿನ ಹೆಸರುಗಳು ಶ್ರೀಮಂತವಾಗಿವೆ, ಜೊತೆಗೆ ಒಂದರ ಮೇಲೊಂದು ಹಾಯುತ್ತವೆ.

ಕೆಲವರು ‘ಸಿಂಗಳೀಕ’ ಎಂಬ ಹೆಸರನ್ನು ಮೈಯೆಲ್ಲ ಕಪ್ಪಗಿರುವ ಯಾವ ಮಂಗಕ್ಕಾದರೂ ಅಂಟಿಸುತ್ತಾರೆ. ಕೊಡಗಿನಿಂದ ದಕ್ಷಿಣದ ಕಾಡುಗಳಲ್ಲಿ ನೀಲಗಿರಿ ಲಂಗೂರ್ ಇದೆ. ಅದೂ ಕಪ್ಪು, ತಲೆಯ ಸುತ್ತ ಮಾಸಲು ಕಂದು ಕೂದಲು. ದೂರದಿಂದ ನೋಡಿದವರು ಎರಡನ್ನೂ ಒಂದೇ ಎಂದು ಬರೆದುಬಿಡುತ್ತಾರೆ. ಗುರುತಿಸುವ ದಾರಿ ಸುಲಭವಾಗಿದೆ. ಸಿಂಗಳೀಕದ ಮುಖದ ಸುತ್ತ ಬೂದು ಬಿಳುಪಿನ ದಟ್ಟ ಕೇಸರವಿರುತ್ತದೆ, ಬಾಲ ಗಿಡ್ಡ, ತುದಿಯಲ್ಲಿ ಸಿಂಹದ ಬಾಲಕ್ಕಿರುವಂಥ ಕುಚ್ಚು. ಲಂಗೂರಿನ ಬಾಲ ಮೈಗಿಂತ ಉದ್ದವಾಗಿ ಕೆಳಗೆ ಇಳಿಬಿದ್ದಿರುತ್ತದೆ. ‘ಸಿಂಹ ಬಾಲದ’ ಎಂಬ ಹೆಸರು ಬಂದದ್ದು ಆ ಕುಚ್ಚಿನಿಂದ. ಕೇಸರದಿಂದ ಬಂದಿತೆಂದು ಬರೆಯುವ ತಪ್ಪನ್ನು ನಾನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ.

ಎರ್ಲಡ್ಡುವಿಗೆ ಎರೆಭೂತ ಎಂಬ ಹೆಸರೂ ಇದೆ. ಎರೆ ಎಂದರೆ ಕಪ್ಪು ಮಣ್ಣಿನ ಹೊಲ. ಮೀಟರಿನಷ್ಟು ಎತ್ತರದ ಹಕ್ಕಿಯೊಂದು ಮರವಿಲ್ಲದ ಬಯಲಿನಲ್ಲಿ ಕತ್ತೆತ್ತಿ ಅಲುಗಾಡದೆ ನಿಂತಿದ್ದನ್ನು ಮುಂಜಾವಿನ ಮಬ್ಬಿನಲ್ಲಿ ಕಂಡವರಿಗೆ ಭೂತದ ನೆನಪಾಗಿದ್ದರೆ ಅದು ಸಹಜವೇ. ಹಕ್ಕಿ ಬದುಕುವ ಮಣ್ಣನ್ನೇ ಹೆಸರಿನಲ್ಲಿ ಹಿಡಿದಿಟ್ಟ ಈ ಪದ ನನಗೆ ಬಹಳ ಇಷ್ಟ. ರಾಜಸ್ಥಾನದಲ್ಲಿ ಇದು ಗೋಡಾವಣ್, ಆ ರಾಜ್ಯದ ಪಕ್ಷಿ.

ಊರಿನ ಹೆಸರುಗಳನ್ನು ಬರೆದುಕೊಂಡ ಮೇಲೆ ವೈಜ್ಞಾನಿಕ ಹೆಸರನ್ನು ಸೇರಿಸಿ. ಸಿಂಗಳೀಕ ಮಕಾಕಾ ಸೈಲೀನಸ್, ಎರ್ಲಡ್ಡು ಆರ್ಡಿಯೋಟಿಸ್ ನೈಗ್ರಿಸೆಪ್ಸ್. ಮೊದಲನೆಯದಕ್ಕೆ ಹೆಸರಿಟ್ಟವರು ಲಿನೇಯಸ್, 1758ರಲ್ಲಿ. ಎರಡನೆಯದಕ್ಕೆ ವಿಗರ್ಸ್, 1831ರಲ್ಲಿ. ಗ್ರಂಥಗಳಲ್ಲಿ ಈ ಇಬ್ಬರ ಹೆಸರೂ ಇಸವಿಯೂ ಕಂಸದೊಳಗೆ ಇರುತ್ತವೆ. ಆ ಕಂಸಕ್ಕೆ ಅರ್ಥವಿದೆ: ಮೊದಲು ಹೆಸರಿಟ್ಟಾಗ ಈ ಜೀವಿಯನ್ನು ಬೇರೆ ಕುಲದಲ್ಲಿ ಇರಿಸಲಾಗಿತ್ತು, ಆಮೇಲೆ ಈಗಿನ ಕುಲಕ್ಕೆ ತರಲಾಯಿತು. ಲಿನೇಯಸ್ ಸಿಂಗಳೀಕವನ್ನು ಸಿಮಿಯಾ ಕುಲದಲ್ಲಿ ಇರಿಸಿದ್ದರು, ವಿಗರ್ಸ್ ಎರ್ಲಡ್ಡುವನ್ನು ಆಟಿಸ್ ಕುಲದಲ್ಲಿ ಇರಿಸಿದ್ದರು. ನಕಲು ಮಾಡುವಾಗ ಕಂಸವನ್ನು ಕೈಬಿಟ್ಟರೆ ಈ ಚರಿತ್ರೆಯೇ ಕಳೆದುಹೋಗುತ್ತದೆ. ಹೆಸರಿನ ಅರ್ಥವನ್ನೂ ಹುಡುಕಿ. ನೈಗ್ರಿಸೆಪ್ಸ್ ಎಂದರೆ ಲ್ಯಾಟಿನ್‌ನಲ್ಲಿ ಕಪ್ಪು ತಲೆಯದು. ಗಂಡು ಹಕ್ಕಿಯ ನೆತ್ತಿಯ ಕಪ್ಪು ಟೊಪ್ಪಿಗೆಯನ್ನು ಹೊಲದಲ್ಲಿ ನೋಡಿದವರಿಗೆ ಆ ಹೆಸರು ಮತ್ತೆ ಮರೆಯುವುದಿಲ್ಲ.

ಮೂರನೆಯ ಹೆಜ್ಜೆ: ಏಣಿ ಇಳಿಯುವುದು

ವರ್ಗೀಕರಣದ ಮೆಟ್ಟಿಲುಗಳಿಗೆ ನಮ್ಮ ಪಠ್ಯಪುಸ್ತಕಗಳು ಬಳಸುವ ಪದಗಳು ಇವು: ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಕುಲ ಅಥವಾ ಜಾತಿ, ಪ್ರಭೇದ. ಇವುಗಳಲ್ಲಿ ‘ಜಾತಿ’ ತೊಂದರೆ ಕೊಡುವ ಪದ. ಮಾತಿನಲ್ಲಿ ‘ಎರಡು ಜಾತಿಯ ಹಕ್ಕಿ’ ಎಂದರೆ ಎರಡು ಪ್ರಭೇದ. ಪುಸ್ತಕದಲ್ಲಿ ಜಾತಿ ಎಂದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಆದ್ದರಿಂದ ಬರಹದಲ್ಲಿ ಕುಲ ಎಂಬ ಪದವನ್ನೇ ಬಳಸಿ, ಗೊಂದಲ ತಪ್ಪುತ್ತದೆ.

ಏಣಿಯನ್ನು ಮೇಲಿನಿಂದ ಕೆಳಕ್ಕೆ ಇಳಿಯುತ್ತ, ಎರಡು ಜೀವಿಗಳೂ ಯಾವ ಮೆಟ್ಟಿಲಿನಲ್ಲಿ ಕೈ ಬಿಡುತ್ತವೆ ಎಂದು ನೋಡಬೇಕು. ಸಾಮ್ರಾಜ್ಯ ಒಂದೇ: ಪ್ರಾಣಿಗಳು. ವಂಶವೂ ಒಂದೇ: ಕಶೇರುಕಗಳನ್ನು ಒಳಗೊಂಡ ಕಾರ್ಡೇಟಾ. ವರ್ಗದಲ್ಲಿ ದಾರಿ ಕವಲೊಡೆಯುತ್ತದೆ. ಸಿಂಗಳೀಕ ಸಸ್ತನಿಗಳ ಕಡೆಗೆ, ಎರ್ಲಡ್ಡು ಪಕ್ಷಿಗಳ ಕಡೆಗೆ. ಈ ಎರಡು ಕವಲುಗಳ ಪೂರ್ವಜರು ಬೇರೆಯಾಗಿ ಸುಮಾರು 32 ಕೋಟಿ ವರ್ಷಗಳಾದವು. ಕವಲಿನ ನಂತರದ ಮೆಟ್ಟಿಲುಗಳನ್ನು ಬೇರೆ ಬೇರೆಯಾಗಿ ಬರೆಯಿರಿ. ಸಿಂಗಳೀಕದ್ದು ಪ್ರೈಮೇಟ್ಸ್ ಗಣ, ಸರ್ಕೋಪಿಥೆಸಿಡೀ ಕುಟುಂಬ, ಮಕಾಕಾ ಕುಲ. ಎರ್ಲಡ್ಡುವಿನದು ಆಟಿಡಿಫಾರ್ಮಿಸ್ ಗಣ, ಆಟಿಡಿಡೀ ಕುಟುಂಬ, ಆರ್ಡಿಯೋಟಿಸ್ ಕುಲ.

ಹಳೆಯ ಪುಸ್ತಕ ನೋಡಿದರೆ ಎರ್ಲಡ್ಡು ಕೊಕ್ಕರೆಯಂಥ ಉದ್ದ ಕಾಲಿನ ಕ್ರೇನ್ ಹಕ್ಕಿಗಳ ಜೊತೆ ಗ್ರುಯಿಫಾರ್ಮಿಸ್ ಗಣದಲ್ಲಿರುತ್ತದೆ. ಅದು ಆ ಕಾಲದ ತಿಳಿವಳಿಕೆ. ವಂಶವಾಹಿಗಳ ಅಧ್ಯಯನ ಬೆಳೆದ ಮೇಲೆ ಬಸ್ಟರ್ಡ್‌ಗಳಿಗೆ ತಮ್ಮದೇ ಗಣ ಸಿಕ್ಕಿತು. ಎರಡು ಪುಸ್ತಕಗಳು ಎರಡು ಗಣ ಹೇಳಿದರೆ ಗಾಬರಿಯಾಗಬೇಡಿ. ಪ್ರಕಟಣೆಯ ವರ್ಷ ನೋಡಿ, ಹೊಸದನ್ನು ಬರೆಯಿರಿ, ಹಳೆಯದರ ಬಗ್ಗೆ ಒಂದು ಸಾಲು ಸೇರಿಸಿ.

ಇಲ್ಲಿಗೆ ನಿಲ್ಲಿಸಿದರೆ ಅದು ಬರೀ ಪಟ್ಟಿ. ಇನ್ನೊಂದು ಪ್ರಶ್ನೆ ಕೇಳಿ: ಈ ಜೀವಿಯ ಅತಿ ಹತ್ತಿರದ ಬಂಧುಗಳು ಎಲ್ಲಿದ್ದಾರೆ? ನಮ್ಮ ಜೋಡಿಗೆ ಈ ಪ್ರಶ್ನೆ ಕೇಳಿದಾಗ ನನಗೆ ನಿಜಕ್ಕೂ ಅಚ್ಚರಿಯಾಗಿತ್ತು. ಸಿಂಗಳೀಕದ ಕಾಡಿನ ಅಂಚಿನಲ್ಲೇ, ರಸ್ತೆ ಬದಿಯಲ್ಲಿ ಬಾಳೆಹಣ್ಣಿಗೆ ಕೈ ಚಾಚುವ ನಮ್ಮ ಸಾಮಾನ್ಯ ಕೋತಿ ಇದೆ. ಅದೂ ಮಕಾಕಾ ಕುಲದ್ದೇ. ಆದರೆ ಸಿಂಗಳೀಕದ ಹತ್ತಿರದ ಒಡಹುಟ್ಟುಗಳು ಅದಲ್ಲ, ಆಗ್ನೇಯ ಏಷ್ಯಾದ ಹಂದಿ ಬಾಲದ ಮಕಾಕ್‌ಗಳು. ನಡುವೆ ಸಾವಿರಾರು ಕಿಲೋಮೀಟರ್ ಅಂತರ. ಎರ್ಲಡ್ಡುವಿನದೂ ಅದೇ ಕತೆ. ಆರ್ಡಿಯೋಟಿಸ್ ಕುಲದಲ್ಲಿ ಇರುವುದು ನಾಲ್ಕೇ ಪ್ರಭೇದ. ಉಳಿದ ಮೂರರಲ್ಲಿ ಕೋರಿ ಬಸ್ಟರ್ಡ್ ಆಫ್ರಿಕಾದಲ್ಲಿದೆ, ಅರೇಬಿಯನ್ ಬಸ್ಟರ್ಡ್ ಮುಖ್ಯವಾಗಿ ಸಹಾರಾದ ದಕ್ಷಿಣದ ಒಣನಾಡಿನಲ್ಲಿದೆ, ಇನ್ನೊಂದು ಆಸ್ಟ್ರೇಲಿಯಾದಲ್ಲಿ. ಎರಡೂ ತಮ್ಮ ಬಳಗದಿಂದ ದೂರದಲ್ಲಿ, ಈ ನೆಲದಲ್ಲಿ ಒಂಟಿಯಾಗಿ ಉಳಿದ ಕೊಂಬೆಗಳು. ಇಲ್ಲಿ ಅಳಿದರೆ ಜಾಗ ತುಂಬಲು ಪಕ್ಕದ ಕಾಡಿನಿಂದ ಬರುವ ಸೋದರ ಪ್ರಭೇದ ಇಲ್ಲ. ವರ್ಗೀಕರಣದ ಸಾಲಿನಿಂದ ಸಂರಕ್ಷಣೆಯ ಸಾಲಿಗೆ ಹೀಗೆ ಒಂದು ಎಳೆ ಹರಿಯಿತು. ಗೆರೆ ದಾಟುವುದು ಎಂದರೆ ಇದೇ.

ನಾಲ್ಕನೆಯ ಹೆಜ್ಜೆ: ನೆಲೆಯನ್ನು ಓದುವುದು

‘ಆವಾಸ: ಪಶ್ಚಿಮ ಘಟ್ಟ’ ಎಂದು ಬರೆದು ಮುಂದೆ ಹೋಗಬೇಡಿ. ಅದು ವಿಳಾಸ. ಆವಾಸ ಎಂದರೆ ಆ ಜೀವಿ ಉಣ್ಣಲು, ಅಡಗಲು, ಕೂಡಲು, ಮರಿ ಮಾಡಲು, ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಲು ಬೇಕಾದುದೆಲ್ಲ. ಎರಡೂ ಜೀವಿಗಳಿಗೆ ಒಂದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿ: ಏನು ತಿನ್ನುತ್ತದೆ? ಎಲ್ಲಿ ಮರಿ ಮಾಡುತ್ತದೆ? ಹೇಗೆ ಓಡಾಡುತ್ತದೆ? ಯಾವುದು ತುಂಡಾದರೆ ಅದರ ಬದುಕು ನಿಲ್ಲುತ್ತದೆ? ಕೊನೆಯ ಪ್ರಶ್ನೆಯೇ ಮುಖ್ಯ.

ಸಿಂಗಳೀಕ ಕರ್ನಾಟಕ, ಕೇರಳ, ತಮಿಳುನಾಡಿನ ಘಟ್ಟಗಳಲ್ಲಿ ಬಿಟ್ಟರೆ ಪ್ರಪಂಚದ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಅದರ ಈಗಿನ ಉತ್ತರದ ತುದಿ ನಮ್ಮ ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆಗಳು ಸೇರುವ ಶರಾವತಿ, ಅಘನಾಶಿನಿ ಕಣಿವೆಗಳು. ಹೊನ್ನಾವರದಿಂದ ಸಾಗರದ ಕಡೆಗೆ ಘಟ್ಟ ಹತ್ತುವಾಗ ಕತ್ತಲೆಕಾನು ಸಿಗುತ್ತದೆ. ಮಧ್ಯಾಹ್ನವೂ ಬೆಳಕು ಸೋಸಿ ಇಳಿಯುವ ನಿತ್ಯಹರಿದ್ವರ್ಣದ ಕಾನು, ಅದರೊಳಗೆ ರಾಮಪತ್ರೆಯ ಜಡ್ಡಿ, ಅಂದರೆ ರಾಮಪತ್ರೆ ಮರಗಳು ಬೆಳೆಯುವ ಜೌಗು, ನೀರಿನಿಂದ ಮೊಣಕಾಲಿನಂತೆ ಬಾಗಿ ಮೇಲೆದ್ದ ಬೇರುಗಳು. ಅಲ್ಲಿ ನಿಂತು ತಲೆಯೆತ್ತಿದರೆ ಒಂದು ಮರದ ರೆಂಬೆ ಇನ್ನೊಂದು ಮರದ ರೆಂಬೆಯೊಳಗೆ ಹೊಕ್ಕಿರುವುದು ಕಾಣುತ್ತದೆ. ಸಿಂಗಳೀಕದ ಹೆದ್ದಾರಿ ಅದು. ಹತ್ತಿಪ್ಪತ್ತರ ಗುಂಪು ಆ ಹೆದ್ದಾರಿಯ ಮೇಲೆ ಹಣ್ಣು, ಬೀಜ, ಹುಳುಹುಪ್ಪಟೆ ಹುಡುಕುತ್ತ ಸಾಗುತ್ತದೆ, ಸಿಕ್ಕಿದ್ದನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಳ್ಳುತ್ತದೆ. ವರ್ಷವಿಡೀ ಒಂದಲ್ಲ ಒಂದು ಮರ ಹಣ್ಣು ಬಿಡುತ್ತಿರಬೇಕು. ಮಳೆಗಾಲದಲ್ಲಿ ಉಪ್ಪಾಗೆ ಹಣ್ಣು ಅದಕ್ಕೂ ಬೇಕು, ಸಿಪ್ಪೆ ಒಣಗಿಸಿ ಮಾರುವ ಊರಿನವರಿಗೂ ಬೇಕು. ಕಾಯಿಯನ್ನು ಬಲಿಯುವ ಮೊದಲೇ ಕೊಂಬೆ ಸಮೇತ ಕೆಡವಿದರೆ ಇಬ್ಬರಿಗೂ ನಷ್ಟ. ಉಪ್ಪಾಗೆಯ ವಿಷಯವನ್ನು ಬಿಟ್ಟು ಉತ್ತರ ಕನ್ನಡದ ಸಿಂಗಳೀಕದ ಆವಾಸವನ್ನು ಬರೆದರೆ ಆ ಬರಹ ಅಪೂರ್ಣ.

ಯಾವುದು ತುಂಡಾದರೆ ಇದರ ಬದುಕು ನಿಲ್ಲುತ್ತದೆ? ಕಾಡಿನ ಮೇಲ್ಚಾವಣಿ. ರಸ್ತೆ ಅಗಲವಾಗಿ ಎರಡು ಬದಿಯ ಕೊಂಬೆಗಳು ಬೇರೆಯಾದರೆ ಗುಂಪು ನೆಲಕ್ಕಿಳಿಯಬೇಕಾಗುತ್ತದೆ, ಇಳಿದರೆ ವಾಹನಕ್ಕೆ ಸಿಕ್ಕುತ್ತದೆ. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳ ನಡುವೆ ಸಿಕ್ಕಿಕೊಂಡ ಗುಂಪುಗಳಿಗಾಗಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಬೇಕಾಯಿತು.

ಈಗ ಅದೇ ಪ್ರಶ್ನೆಗಳೊಂದಿಗೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಗೆ ಬನ್ನಿ. ಕಣ್ಣು ಹಾಯುವಷ್ಟೂ ಎರೆ. ಕಡಲೆ, ಜೋಳ, ನಡುವೆ ಬಿತ್ತದೆ ಬಿಟ್ಟ ಹುಲ್ಲಿನ ಪಟ್ಟಿ, ಅಲ್ಲೊಂದು ಇಲ್ಲೊಂದು ಬೋರೆ ಗಿಡ. ಎರ್ಲಡ್ಡು ಮಿಡತೆ, ಜೀರುಂಡೆ, ಹಲ್ಲಿ, ಓತಿಕ್ಯಾತ, ಬೋರೆ ಹಣ್ಣು, ಕಾಳು ಎಲ್ಲವನ್ನೂ ತಿನ್ನುತ್ತದೆ. ಗಂಡು 15 ಕಿಲೋವರೆಗೂ ತೂಗಬಲ್ಲದು. ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿನಲ್ಲಿ ಇದೂ ಒಂದು. ಕೂಡುವ ಕಾಲದಲ್ಲಿ ಗಂಡು ಕತ್ತಿನ ಚೀಲವನ್ನು ಉಬ್ಬಿಸಿ ಇಳಿಬಿಟ್ಟು, ದೂರಕ್ಕೆ ಕೇಳುವಂತೆ ಗಂಭೀರವಾಗಿ ಹೂಂಕರಿಸುತ್ತದೆ. ಆ ಪ್ರದರ್ಶನ ಹೆಣ್ಣಿಗೆ ಕಾಣಬೇಕಾದರೆ ಬಯಲು ಬಯಲಾಗಿಯೇ ಇರಬೇಕು. ಹೆಣ್ಣು ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಗೂಡೇ ಕಟ್ಟದೆ ನೆಲದ ಮೇಲೆ ಇಡುತ್ತದೆ. ಸುಮಾರು 4 ವಾರ ತಾನೊಂದೇ ಕಾವು ಕೊಡುತ್ತದೆ. ನರಿ, ನಾಯಿ, ಕಾಗೆ ಬಂದರೆ ದೂರದಿಂದಲೇ ಕಾಣಬೇಕು, ಅದಕ್ಕೂ ಬಯಲೇ ಬೇಕು.

ಇದರ ಬದುಕನ್ನು ತುಂಡರಿಸುವುದು ಯಾವುದು? ಬಯಲಿನಲ್ಲಿ ಎದ್ದು ನಿಲ್ಲುವ ಏನಾದರೂ ಸರಿ. ವಿದ್ಯುತ್ ತಂತಿ, ಬೇಲಿ, ನೆಡುತೋಪು. ಹಕ್ಕಿಯ ಕಣ್ಣುಗಳು ತಲೆಯ ಪಕ್ಕಕ್ಕಿವೆ, ನೇರ ಮುಂದಿನ ನೋಟದ ಹರವು ಕಿರಿದು, ಭಾರದ ಮೈ ಹಾರುವಾಗ ತಟ್ಟನೆ ಹೊರಳುವುದಿಲ್ಲ. ತಂತಿ ಕಂಡಾಗ ತಡವಾಗಿರುತ್ತದೆ. ಇನ್ನು ಮಣ್ಣಿನ ಕತೆ ಬೇರೆ. ತುಂಗಭದ್ರಾ ಕಾಲುವೆಯ ನೀರು ಹರಿದ ಕಡೆ ಎರೆ ಹೊಲ ಭತ್ತದ ಗದ್ದೆಯಾಯಿತು. ರೈತನಿಗೆ ಅದು ಬದುಕು ಕೊಟ್ಟ ನೀರು, ಅವನನ್ನು ದೂರುವಂತಿಲ್ಲ. ಆದರೆ ನೀರು ನಿಂತ ಗದ್ದೆಯಲ್ಲಿ ಎರ್ಲಡ್ಡು ಮೊಟ್ಟೆ ಇಡಲಾರದು.

ಎರಡೂ ಉತ್ತರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಸಿಂಗಳೀಕಕ್ಕೆ ಕಡಿಯದ ಚಾವಣಿ ಬೇಕು, ಎರ್ಲಡ್ಡುವಿಗೆ ಕಡಿಯದ ಆಕಾಶ ಬೇಕು. ಘಟ್ಟದ ರಸ್ತೆಯ ಬದಿಯಲ್ಲಿ ನಾಡಮರಗಳನ್ನು ನೆಟ್ಟು ಬೆಳೆಸಿದರೆ ಸಿಂಗಳೀಕದ ಎರಡು ಗುಂಪುಗಳು ಮತ್ತೆ ಕೂಡಬಹುದು. ಅದೇ ಸಸಿ ನೆಡುವ ಕೆಲಸವನ್ನು ಹುಲ್ಲುಗಾವಲಿನಲ್ಲಿ ಮಾಡಿದರೆ ಎರ್ಲಡ್ಡು ಜಾಗ ಬಿಡುತ್ತದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಒಂದು ಕಾಲದಲ್ಲಿ ಎರ್ಲಡ್ಡುವಿಗೂ ಹೆಸರಾಗಿತ್ತು. ಅಲ್ಲಿನ ಬಯಲಿನ ಬಹುಪಾಲಿನಲ್ಲಿ ನೀಲಗಿರಿ ತೋಪು ಎದ್ದಿತು. ಹುಲ್ಲುಗಾವಲನ್ನು ಸರಕಾರಿ ದಾಖಲೆಗಳು ಪಾಳುಭೂಮಿ ಎಂದು ಕರೆಯುತ್ತ ಬಂದದ್ದರ ಫಲವಿದು. ಪಾಳು ಎಂದ ಮೇಲೆ ಏನನ್ನಾದರೂ ನೆಟ್ಟರೆ ಪುಣ್ಯ ಎಂಬ ಭಾವನೆ ತಾನಾಗಿ ಬರುತ್ತದೆ. ಜೂನ್ ಬಂತೆಂದರೆ ಶಾಲೆ, ಸಂಘ, ಕಚೇರಿಗಳೆಲ್ಲ ಸಸಿ ಹಿಡಿದು ಖಾಲಿ ಜಾಗ ಹುಡುಕುತ್ತವೆ. ಖಾಲಿ ಎಂದು ಕಾಣುವ ಆ ಜಾಗ ಯಾರದೋ ಮನೆಯಾಗಿರುತ್ತದೆ. ಸಿಂಗಳೀಕದ ಬಗ್ಗೆ ಮಾತ್ರ ಬರೆದಿದ್ದರೆ ಮರ ನೆಡಿ ಎಂದು ಮುಗಿಸಬಹುದಿತ್ತು. ಎರ್ಲಡ್ಡುವನ್ನು ಎದುರಿಗೆ ಕೂರಿಸಿದ್ದರಿಂದಲೇ ‘ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು’ ಎಂಬ ಪ್ರಶ್ನೆ ಹುಟ್ಟಿತು. ನನ್ನ ಮಟ್ಟಿಗೆ ಈ ಜೋಡಿಯ ಹೋಲಿಕೆಯ ಫಲ ಇದೇ.

ಐದನೆಯ ಹೆಜ್ಜೆ: ಸಂರಕ್ಷಣಾ ಸ್ಥಿತಿಯನ್ನು ಸರಿಯಾಗಿ ಓದುವುದು

ನಮ್ಮ ಪತ್ರಿಕೆಗಳಲ್ಲಿ ಹುಲಿಯೂ ಅಳಿವಿನಂಚಿನಲ್ಲಿದೆ, ಎರ್ಲಡ್ಡುವೂ ಅಳಿವಿನಂಚಿನಲ್ಲಿದೆ, ಕಾಡುಕೋಣವೂ ಅಳಿವಿನಂಚಿನಲ್ಲಿದೆ. ಒಂದೇ ಪದ ಎಲ್ಲಕ್ಕೂ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ, ಅಂದರೆ ಐಯುಸಿಎನ್‌ನ, ಕೆಂಪು ಪಟ್ಟಿಯಲ್ಲಿ ಮೂರು ಅಪಾಯದ ಮೆಟ್ಟಿಲುಗಳಿವೆ. ಅವುಗಳಿಗೆ ಮೂರು ಬೇರೆ ಪದಗಳನ್ನು ಇಟ್ಟುಕೊಂಡು ಬರಹದುದ್ದಕ್ಕೂ ಬದಲಿಸದೆ ಬಳಸಿ. ನಾನು ಕೆಳಗಿನಿಂದ ಮೇಲಕ್ಕೆ ‘ಅಪಾಯಕ್ಕೆ ಈಡಾಗಬಲ್ಲ’, ‘ಅಳಿವಿನ ಅಪಾಯದಲ್ಲಿರುವ’, ‘ಅಳಿವಿನ ತೀವ್ರ ಅಪಾಯದಲ್ಲಿರುವ’ ಎಂದು ಬರೆಯುತ್ತೇನೆ. ಕಾಡುಕೋಣ ಮೊದಲನೆಯದರಲ್ಲಿ, ಸಿಂಗಳೀಕ ಎರಡನೆಯದರಲ್ಲಿ, ಎರ್ಲಡ್ಡು 2011ರಿಂದ ಮೂರನೆಯದರಲ್ಲಿ ಇದೆ. ಮೂರನೆಯದರ ಆಚೆಗೆ ಉಳಿದಿರುವುದು ಕಾಡಿನಿಂದ ಅಳಿದದ್ದು ಮತ್ತು ಪೂರ್ತಿ ಅಳಿದದ್ದು ಎಂಬ ಎರಡೇ ಮೆಟ್ಟಿಲು.

ಪಟ್ಟಿಯಲ್ಲಿ ಮೆಟ್ಟಿಲಿನ ಹೆಸರಿನ ಪಕ್ಕ ಅಕ್ಷರ, ಅಂಕಿಗಳ ಒಂದು ಸಂಕೇತವಿರುತ್ತದೆ. ವಿದ್ಯಾರ್ಥಿಗಳು ಅದನ್ನು ನೋಡುವುದೇ ಇಲ್ಲ. ಇಡೀ ತೀರ್ಪಿನ ಕಾರಣ ಅದರಲ್ಲಿರುತ್ತದೆ. ಎ ಇಂದ ಇ ವರೆಗೆ ಐದು ಮಾನದಂಡಗಳಿವೆ. ಎ ಎಂದರೆ ಸಂಖ್ಯೆ ಎಷ್ಟು ವೇಗವಾಗಿ ಕುಸಿದಿದೆ. ಮೂರು ತಲೆಮಾರಿನಲ್ಲಿ ಶೇ 50 ಕುಸಿದರೆ ಅಪಾಯ, ಶೇ 80 ಕುಸಿದರೆ ತೀವ್ರ ಅಪಾಯ. ಬಿ ನೆಲೆಯ ವಿಸ್ತಾರಕ್ಕೆ ಸಂಬಂಧಿಸಿದ್ದು. ಸಿ ಎಂದರೆ ಇರುವುದೇ ಸ್ವಲ್ಪ, ಅದೂ ಇಳಿಯುತ್ತಿದೆ. ಇಲ್ಲಿ 2500ಕ್ಕಿಂತ ಕಡಿಮೆಯಾದರೆ ಅಪಾಯ, 250ಕ್ಕಿಂತ ಕಡಿಮೆಯಾದರೆ ತೀವ್ರ ಅಪಾಯ. ಡಿ ಎಂದರೆ ಸಂಖ್ಯೆ ಎಷ್ಟು ಕಡಿಮೆಯೆಂದರೆ ಇಳಿಯದಿದ್ದರೂ ಅಪಾಯವೇ. ಇ ಎಂದರೆ ಲೆಕ್ಕಾಚಾರದಿಂದ ತೆಗೆದ ಅಳಿವಿನ ಸಂಭವ.

ಇನ್ನೊಂದು ಎಚ್ಚರ. ಪಟ್ಟಿ ಎಣಿಸುವುದು ಸಂತಾನ ಪಡೆಯುವ ಪ್ರಾಯಕ್ಕೆ ಬಂದವನ್ನು ಮಾತ್ರ, ಮರಿಗಳನ್ನು ಅಲ್ಲ. ಸಿಂಗಳೀಕಗಳು ಒಟ್ಟು ಸುಮಾರು 4000 ಎಂಬ ಅಂದಾಜನ್ನೂ, ಪ್ರಾಯದವು 2500ಕ್ಕಿಂತ ಕಡಿಮೆ ಎಂಬ ಅಂದಾಜನ್ನೂ ನೀವು ಓದುತ್ತೀರಿ. ಎರಡೂ ಸರಿಯೇ, ಎಣಿಸಿದ್ದು ಬೇರೆ ಬೇರೆ. ಅವು ಒಂದೇ ಕಡೆ ಇಲ್ಲ, ಒಡೆದ ಕಾಡಿನ ತುಣುಕುಗಳಲ್ಲಿ ಹಂಚಿಹೋಗಿವೆ ಎಂಬುದನ್ನೂ ಸಂಖ್ಯೆಯ ಪಕ್ಕದಲ್ಲೇ ಬರೆಯಿರಿ. ಎರ್ಲಡ್ಡು 1969ರ ಅಂದಾಜಿನಲ್ಲಿ 1260 ಇತ್ತು. ಈಗ ದೇಶದಲ್ಲಿ 150ಕ್ಕಿಂತ ಕಡಿಮೆ, ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿ. ಕರ್ನಾಟಕದಲ್ಲಿ ಉಳಿದಿರುವುದು ಬೆರಳೆಣಿಕೆ. ಆದ್ದರಿಂದ ಒಂದು ಮೆಟ್ಟಿಲಿನ ಅಂತರ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಂಗಳೀಕದ ವಿಷಯದಲ್ಲಿ ನಾವು ಗುಂಪುಗಳನ್ನು ಎಣಿಸುತ್ತಿದ್ದೇವೆ, ಎರ್ಲಡ್ಡುವಿನ ವಿಷಯದಲ್ಲಿ ಒಂದೊಂದೇ ಹಕ್ಕಿಯನ್ನು.

ಕೆಂಪು ಪಟ್ಟಿ ಕಾನೂನಲ್ಲ. ಕಾನೂನಿನ ಸಾಲನ್ನು ಬೇರೆಯಾಗಿಯೇ ಬರೆಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಎರಡೂ ಇವೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲೂ ಎರಡೂ ಇವೆ. ವಲಸೆ ಜೀವಿಗಳ ಒಪ್ಪಂದದಲ್ಲಿ ಮಾತ್ರ ದಾರಿ ಬೇರೆಯಾಗುತ್ತದೆ. 2020ರಲ್ಲಿ ಗಾಂಧಿನಗರದ ಸಮಾವೇಶದಲ್ಲಿ ಎರ್ಲಡ್ಡುವನ್ನು ಅದರ ಮೊದಲ ಅನುಬಂಧಕ್ಕೆ ಸೇರಿಸಲಾಯಿತು, ಏಕೆಂದರೆ ಹಕ್ಕಿಗೆ ಭಾರತ–ಪಾಕಿಸ್ತಾನದ ಗಡಿ ಗೊತ್ತಿಲ್ಲ. ಘಟ್ಟ ಬಿಟ್ಟು ಎಲ್ಲಿಗೂ ಹೋಗದ ಸಿಂಗಳೀಕಕ್ಕೆ ಆ ಒಪ್ಪಂದದ ಅಗತ್ಯವೇ ಇಲ್ಲ. ಆವಾಸದ ಸಾಲು ಕಾನೂನಿನ ಸಾಲನ್ನು ಹೀಗೆ ವಿವರಿಸುತ್ತದೆ. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ ಅನುಸೂಚಿಗಳು ಆರರಿಂದ ನಾಲ್ಕಕ್ಕೆ ಇಳಿದಿವೆ. ಹಳೆಯ ಪುಸ್ತಕದ ಅನುಸೂಚಿ ಸಂಖ್ಯೆಯನ್ನು ನಂಬಿ ಬರೆಯಬೇಡಿ.

ನಂತರ ಕೈಗೊಂಡ ಕ್ರಮಗಳು. ಇವನ್ನು ಚಿಕ್ಕದಾಗಿ ಬರೆದರೆ ಸಾಕು. ಸಿಂಗಳೀಕಕ್ಕಾಗಿ 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವನ್ನು ಅಘನಾಶಿನಿಯ ಸಂರಕ್ಷಿತ ಪ್ರದೇಶದೊಂದಿಗೆ ಸೇರಿಸಿ ಸುಮಾರು 930 ಚದರ ಕಿಲೋಮೀಟರಿಗೆ ಹಿಗ್ಗಿಸಲಾಯಿತು. ಎರ್ಲಡ್ಡುವಿಗಾಗಿ 2019ರಲ್ಲಿ ಜೈಸಲ್ಮೇರ್ ಬಳಿಯ ಸಮ್‌ನಲ್ಲಿ ಸಂತಾನವೃದ್ಧಿ ಕೇಂದ್ರ ಆರಂಭವಾಯಿತು. 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಅಲ್ಲಿ ಮೊದಲ ಮರಿ ಹೊರಬಂತು.

ಆರನೆಯ ಹೆಜ್ಜೆ: ಗೆರೆಯನ್ನು ಅಳಿಸುವುದು

ಈಗ ಮೊದಲು ಗುರುತು ಹಾಕಿಟ್ಟ ಎಳೆಗಳನ್ನು ಹೊರತೆಗೆಯಿರಿ. ನಿಧಾನವಾಗಿ ಸಂತಾನ ಬೆಳೆಸುವುದು ಮೊದಲನೆಯದು. ಎರ್ಲಡ್ಡುವಿಗೆ ಸಲಕ್ಕೆ ಒಂದು ಮೊಟ್ಟೆ. ಹೆಣ್ಣು ಸಿಂಗಳೀಕ ಆರು ವರ್ಷ ದಾಟಿದ ಮೇಲೆ ಮೊದಲ ಮರಿ ಹಾಕುತ್ತದೆ, ಒಂದು ಸಲಕ್ಕೆ ಒಂದೇ ಮರಿ, ಮುಂದಿನದಕ್ಕೆ ಎರಡು ಮೂರು ವರ್ಷ. ಪ್ರಾಯಕ್ಕೆ ಬಂದ ಪ್ರಾಣಿಯನ್ನು ಬಲಿ ತೆಗೆದುಕೊಳ್ಳುವ ಒಂದೊಂದು ಅಪಘಾತವನ್ನೂ ಇಂಥ ಜೀವಿಗಳು ವರ್ಷಗಟ್ಟಲೆ ತುಂಬಿಕೊಡಲಾರವು. ವಂಶಾವಳಿಯಲ್ಲಿ 32 ಕೋಟಿ ವರ್ಷ ದೂರವಿದ್ದೂ ಎರಡು ಜೀವಿಗಳು ಒಂದೇ ಕಡೆ ದುರ್ಬಲವಾಗಿವೆ.

ಎರಡನೆಯ ಎಳೆ ವಿದ್ಯುತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಶರಾವತಿ ಕಣಿವೆಯ ಎಷ್ಟೋ ಹಳ್ಳಿಗಳ ಜೊತೆ ಕಾಡೂ ಮುಳುಗಿತು. ಈಗ ಅದೇ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಕೆಳಗಿನ ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ, 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವವಿದೆ, ಸಿಂಗಳೀಕದ ಅಭಯಾರಣ್ಯದೊಳಗೇ. ಅತ್ತ ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಸೌರ ಮತ್ತು ಪವನ ವಿದ್ಯುತ್ತನ್ನು ಸಾಗಿಸುವ ತಂತಿಗಳು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎರ್ಲಡ್ಡುವಿನ ನೆಲೆಗಳಲ್ಲಿ ತಂತಿಗಳನ್ನು ಸಾಧ್ಯವಿರುವಲ್ಲಿ ನೆಲದಡಿಗೆ ಇಳಿಸಲು ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಹೊಗೆಯಿಲ್ಲದ ವಿದ್ಯುತ್ತು ಬೇಕು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದನ್ನು ಎಲ್ಲಿ ಉತ್ಪಾದಿಸಬೇಕು, ಯಾವ ದಾರಿಯಲ್ಲಿ ಒಯ್ಯಬೇಕು ಎಂದು ಕೇಳುವಾಗ ಈ ಎರಡು ಜೀವಿಗಳನ್ನು ಒಟ್ಟಿಗೆ ಎದುರಿಗಿಟ್ಟುಕೊಂಡು ಕೇಳಬೇಕು.

ಬರೆಯುವಾಗ

ಕೋಷ್ಟಕ ಇರಲಿ, ಆದರೆ ಅರ್ಧ ಪುಟಕ್ಕೆ ಮೀರದಿರಲಿ. ಉಳಿದದ್ದನ್ನು ವಾಕ್ಯಗಳಲ್ಲಿ ಬರೆಯಿರಿ. ‘ಆದರೆ’, ‘ಅದೇ ಕಾರಣಕ್ಕೆ’, ‘ಇದಕ್ಕೆ ವಿರುದ್ಧವಾಗಿ’ ಎಂಬ ಪದಗಳು ತಾವಾಗಿ ಬರುತ್ತಿವೆಯೇ ನೋಡಿ. ಅವು ಬಾರದಿದ್ದರೆ ಗೆರೆ ಇನ್ನೂ ಹಾಳೆಯ ಮೇಲೆಯೇ ಇದೆ.

ಕ್ಷೇತ್ರಕ್ಕೆ ಹೋಗುವುದಾದರೆ ಸಿಂಗಳೀಕಕ್ಕೆ ತಿನ್ನಲು ಏನನ್ನೂ ಕೊಡಬೇಡಿ. ರಸ್ತೆಗಿಳಿಯುವುದನ್ನು ಅದು ಕಲಿಯುವುದು ಹಾಗೆಯೇ. ಹತ್ತಿರದಿಂದ ನೋಡಬೇಕಾದರೆ ಮೈಸೂರಿನ ಮೃಗಾಲಯದಲ್ಲಿ ನೋಡಬಹುದು. ಎರ್ಲಡ್ಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, ಚಿತ್ರದ ಜೊತೆ ಜಾಗದ ಹೆಸರನ್ನು ಎಲ್ಲೂ ಹಂಚಬೇಡಿ. ಕೂತ ಹಕ್ಕಿಯ ಬಳಿಗೆ ವಾಹನ ಒಯ್ಯಬೇಡಿ. ನೆಲದ ಮೇಲಿನ ಒಂದು ಮೊಟ್ಟೆಗೆ ಆ ವರ್ಷ ಬದಲಿ ಸಿಗುತ್ತದೆಂದು ಹೇಳುವಂತಿಲ್ಲ.

ಸ್ಥಿತಿಯ ಸಾಲಿನ ಪಕ್ಕದಲ್ಲಿ ಮಾಹಿತಿ ನೋಡಿದ ತಿಂಗಳು, ವರ್ಷ ಬರೆಯುವುದನ್ನು ಮರೆಯಬೇಡಿ, ವರದಿ ಮುಗಿದ ಮೇಲೂ ವರ್ಷಕ್ಕೊಮ್ಮೆ ತೆರೆದು ತಿದ್ದಿ. ಸಮ್‌ನ ಕೇಂದ್ರದಲ್ಲಿ ಮರಿ ಹುಟ್ಟಿದ ಸುದ್ದಿ ಓದಿದಾಗ ಸಂತೋಷಪಡಿ, ಆದರೆ ಅದನ್ನು ಎರ್ಲಡ್ಡುವಿನ ಸಂಖ್ಯೆಗೆ ಕೂಡಿಸಬೇಡಿ. ಆ ಮರಿ ಬೆಳೆದು, ಬಯಲಿಗಿಳಿದು, ಅಲ್ಲಿಯೇ ನೆಲದ ಮೇಲೆ ಮೊಟ್ಟೆಯಿಟ್ಟು ಮರಿ ಮಾಡಿದ ಮೇಲೆ ಕೂಡಿಸಿ.